ಅಭಿನಯಕ್ಕೆ ಅಂಕ ಕೊಡುವ ಮುನ್ನ



ಮಕ್ಕಳಿಂದ ಪಾಠವನ್ನು ನಾಟಕವಾಗಿ ಆಡಿಸಿ, ಅದರ ಮೂಲಕ ಅವರ ಕಲಿಕೆಯನ್ನು ಅಳೆಯುವ ಕ್ರಮ ಇಂದು ಅನೇಕ ಶಾಲೆಗಳಲ್ಲಿದೆ. ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ, ಸಮಗ್ರವಾಗಿ ಅಳೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಬಾಯಿಪಾಠದ ಹೊರೆ ಇಳಿಸಲು ನಾಟಕ ಒಳ್ಳೆಯ ದಾರಿ. ಆದರೆ ನಾವು ಅಂಕ ಕೊಡುವುದು ಕಲಿಕೆಗೋ, ಗಟ್ಟಿ ದನಿಗೋ?

ಉಪ್ಪಿನ ಸತ್ಯಾಗ್ರಹದ ಪಾಠವನ್ನೇ ತೆಗೆದುಕೊಳ್ಳಿ. ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಕಾಲ್ನಡಿಗೆಯಲ್ಲಿ ಹೊರಟು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಅದೇ ತಿಂಗಳು ನಮ್ಮ ಅಂಕೋಲೆಯ ಜನರೂ ಸತ್ಯಾಗ್ರಹಕ್ಕಿಳಿದರು. ತರಗತಿಯ ನಾಟಕದಲ್ಲಿ ಗಾಂಧೀಜಿಯಾದ ಹುಡುಗ ಮಾತುಗಳನ್ನು ತಪ್ಪಿಲ್ಲದೆ ಒಪ್ಪಿಸಿದರೆ ಚಪ್ಪಾಳೆ ಬೀಳುತ್ತದೆ. ಗುಂಪಿನ ಕೊನೆಯಲ್ಲಿ ಸುಮ್ಮನೆ ನಡೆದ ಹುಡುಗಿಗೆ ಎಷ್ಟು ಅಂಕ?

ನಾಟಕ ಮುಗಿದ ಮೇಲೆ ಇಬ್ಬರನ್ನೂ ಕೇಳಿ: "ಇಷ್ಟೆಲ್ಲ ತೆರಿಗೆಗಳಿರುವಾಗ ಗಾಂಧೀಜಿ ಉಪ್ಪನ್ನೇ ಏಕೆ ಆರಿಸಿಕೊಂಡರು?" "ಬಡವರ ಗಂಜಿಗೂ ಉಪ್ಪು ಬೇಕಲ್ಲ ಟೀಚರ್" ಎಂದು ಆ ಹುಡುಗಿ ಹೇಳಿದರೆ, ಪಾಠದ ತಿರುಳು ಅವಳಿಗೆ ದಕ್ಕಿದೆ. ಹುಡುಗ ತಡವರಿಸಿದರೆ ಅವನಿಗೆ ಇನ್ನೊಮ್ಮೆ ವಿವರಿಸಬೇಕು. ಅಳೆಯುವುದು ಇದಕ್ಕಾಗಿಯೇ.

ಆದ್ದರಿಂದ ಈ ನಾಲ್ಕು ಮಾತುಗಳನ್ನು ಗಮನಿಸಿರಿ:

1. ಏನನ್ನು ನೋಡಿ ಅಂಕ ಕೊಡುವಿರೆಂದು ಮೊದಲೇ ಮಕ್ಕಳಿಗೆ ತಿಳಿಸಿ. ಸಂಗತಿ ಸರಿಯಿದೆಯೇ, ಕಾರಣ ಗೊತ್ತಿದೆಯೇ, ಸ್ವಂತ ಮಾತಿನಲ್ಲಿ ಹೇಳಿದರೇ, ಜೊತೆಯವರೊಂದಿಗೆ ಕೂಡಿ ದುಡಿದರೇ? ಇಷ್ಟು ಸಾಕು.

2. ವೇಷಭೂಷಣಕ್ಕೆ ಅಂಕ ಬೇಡ. ಬಾಡಿಗೆ ಉಡುಪು ತರಲಾಗದ ಮನೆಗಳಿವೆ.

3. ಪ್ರತಿ ಮಗುವಿಗೂ ಒಂದು ಪ್ರಶ್ನೆಯಾದರೂ ಸಿಗಲಿ. ನಾಚಿಕೆಯ ಮಗು ಚಿತ್ರ ಬರೆದು ವಿವರಿಸಲಿ, ಇಲ್ಲವೇ ನಿಮ್ಮ ಬಳಿ ಬಂದು ಹೇಳಲಿ.

4. ಅಂಕದ ಪಕ್ಕದಲ್ಲಿ ಒಂದು ಸಾಲು ಬರೆಯಿರಿ: ಏನು ಬಂದಿದೆ, ಇನ್ನೇನು ಬರಬೇಕು.

ತಂದೆತಾಯಿಯರೇ, "ನಿನಗೇಕೆ ಮುಖ್ಯ ಪಾತ್ರ ಸಿಗಲಿಲ್ಲ?" ಎಂದು ಮಗುವನ್ನು ನೋಯಿಸಬೇಡಿ. ಈ ವಾರ ರಾತ್ರಿ ಊಟಕ್ಕೆ ಕುಳಿತಾಗ, "ಆ ಕತೆಯನ್ನು ನಮಗೂ ಹೇಳು" ಎನ್ನಿ. ನಡುವೆ "ಏಕೆ?" ಎಂದು ಒಮ್ಮೆ ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯಿರಿ. ಯಾರೂ ಏನನ್ನೂ ಕೇಳದ ಮಗು, ತನಗೆ ಏನೂ ಬಾರದೆಂದೇ ನಂಬಿಬಿಡುತ್ತದೆ. ಆ ನಂಬಿಕೆ ಬೇರೂರುವ ಮುನ್ನ ಕೇಳುವುದು ನಮ್ಮ ನಿಮ್ಮೆಲ್ಲರ ಹೊಣೆ.