ಅಲಗಿನ ಮೇಲಿನ ಅಕ್ಷರವನ್ನು ನಂಬಬಹುದೇ?

ಕಳೆದ ಬೇಸಿಗೆಯಲ್ಲಿ ನನ್ನ ರೂಮ್‌ಮೇಟ್ ಭಾನುವಾರದ ಕಾರ್ ಬೂಟ್ ಸೇಲ್ ಒಂದರಲ್ಲಿ "ಟಿಪ್ಪು ಕಾಲದ್ದು" ಎಂದು ಹೇಳಿದ ಕತ್ತಿಗೆ ಇಡೀ ತಿಂಗಳ ಬಾಡಿಗೆ ದುಡ್ಡು ಸುರಿಯಲು ಹೊರಟಿದ್ದ. ಅಲಗಿನ ಮೇಲೆ ಪರ್ಷಿಯನ್ ಅಕ್ಷರ, ಅದಕ್ಕೆ ಚಿನ್ನದ ಹೊಳಪು. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾದ ಮೇಲೆ ಇಂಥ ಆಸೆ ಯಾರಿಗಾದರೂ ಬರುತ್ತೆ ಬಿಡಿ.

ಅಕ್ಷರವನ್ನು ಓದುವ ಮುಂಚೆ ಅದನ್ನು ಕೊರೆದ ರೀತಿ ನೋಡಬೇಕು. ಹಳೇ ಅಲಗಿಗೆ ಹೊಸ ಅಕ್ಷರ ಹಾಕುವುದು ದೊಡ್ಡ ಕೆಲಸವೇನಲ್ಲ. ಭೂತಗನ್ನಡಿ ಹಿಡಿದು, ತುಕ್ಕು ತಿಂದ ಸಣ್ಣ ಗುಳಿಗಳನ್ನು ಹುಡುಕಿ. ಗುಳಿ ಅಕ್ಷರದ ಗೆರೆಯನ್ನು ತಿಂದಿದ್ದರೆ ಅಕ್ಷರ ಮೊದಲು, ತುಕ್ಕು ಆಮೇಲೆ. ಗೆರೆಯೇ ಗುಳಿಯನ್ನು ಸೀಳಿಕೊಂಡು ಹೋಗಿದ್ದರೆ? ತುಕ್ಕು ಹಿಡಿದ ಮೇಲೆ ಯಾರೋ ಕೊರೆದಿದ್ದಾರೆ. ಕೈಯಲ್ಲಿ ಕೊರೆದ ಗೆರೆ ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಯಂತ್ರದ್ದು ಎಲ್ಲ ಕಡೆ ಒಂದೇ ಅಳತೆ. ಆಸಿಡ್‌ನಿಂದ ಮೂಡಿಸಿದ್ದು ಅಂದ ಮಾತ್ರಕ್ಕೆ ನಕಲಿ ಅಲ್ಲ. ಯೂರೋಪಿನಲ್ಲಿ 16ನೇ ಶತಮಾನದಲ್ಲೇ ಆ ವಿದ್ಯೆ ಇತ್ತು.

ಇನ್ನು ಚಿನ್ನ. ಕೋಫ್ತ್‌ಗರಿ ಕೆಲಸದಲ್ಲಿ ಉಕ್ಕಿನ ಮೇಲೆ ಒತ್ತೊತ್ತಾಗಿ ಅಡ್ಡಡ್ಡ ಗೀರು ಎಳೆದು, ಅದರ ಮೇಲೆ ಚಿನ್ನದ ತಂತಿಯನ್ನು ಬಡಿದು ಕೂರಿಸುತ್ತಾರೆ. ಹಾಗಾಗಿ ಚಿನ್ನ ಸವೆದ ಜಾಗದಲ್ಲಿ ಆ ಗೀರುಗಳು ಕಾಣಬೇಕು. ನಮ್ಮ ಕತ್ತಿಯಲ್ಲಿ ಕಂಡಿದ್ದು ಬರೀ ನುಣುಪು. ಗೆರೆಗಳೂ ಗುಳಿಗಳನ್ನು ಸೀಳಿಕೊಂಡೇ ಹೋಗಿದ್ದವು.

ವರ್ಷ ಇದ್ದರೆ ಇನ್ನೂ ಹುಷಾರು. ಟಿಪ್ಪು 1787ರ ಸುಮಾರಿಗೆ ಮೌಲೂದಿ ಶಕೆ ತಂದು, ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1216 ಎಂಬುದು ನಮ್ಮ ಕಣ್ಣಿಗೆ 6121 ಎಂದು ಕಾಣುತ್ತೆ. ಈ ಲೆಕ್ಕ ತಿಳಿಯದ ವ್ಯಾಪಾರಿಗೆ ಒಂದು ಪ್ರಶ್ನೆ ಹಾಕಿದರೆ ಸಾಕು, ಮುಖ ನೋಡಬೇಕು!

ಅಲಗು ಮತ್ತು ಹಿಡಿಯ ವಯಸ್ಸು ಬೇರೆಬೇರೆ ಇದ್ದರೆ ಗಾಬರಿ ಬೇಡ. ಯೂರೋಪಿನ ಅಲಗಿಗೆ ನಮ್ಮ ಕಡೆ ಹಿಡಿ ಹಾಕಿದ ಕತ್ತಿಗೆ "ಫಿರಂಗಿ" ಅಂತಲೇ ಹೆಸರಿದೆ. ನಮಗೆ ಫಿರಂಗಿ ಅಂದರೆ ತೋಪು ಮಾತ್ರ ಗೊತ್ತು, ಅಲ್ವಾ?

ರೂಮ್‌ಮೇಟ್ ಬರಿಗೈಲಿ ವಾಪಸ್ ಬಂದ. ದಾರಿಯಲ್ಲಿ, "ಊರಲ್ಲಿ ಅಜ್ಜನ ಕತ್ತಿ ಇದೆ, ಅದನ್ನೇ ತರ್ತೀನಿ" ಅಂದ. ಅದೂ ಆಗದು: 100 ವರ್ಷ ದಾಟಿದ ಇಂಥ ವಸ್ತುವನ್ನು 1972ರ ಕಾಯ್ದೆ ಪ್ರಕಾರ ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಆಯುಧಪೂಜೆಗೆ ಮುಂಚೆ ಅದಕ್ಕೆ ಹುಣಸೆಹಣ್ಣು, ಎಮರಿ ಪೇಪರ್ ಹಾಕಿ ತಿಕ್ಕಬೇಡಿ ಅಂತ ಅಜ್ಜನಿಗೆ ಅವತ್ತೇ ಫೋನ್ ಮಾಡಿಸಿದೆ.