ನಿರಪರಾಧಿಯ ಬಲಿದಾನ

ಅಪರಾಧ ಮಾಡಿದವನಿಗೆ ಶಿಕ್ಷೆಯಾಗುವುದು ನ್ಯಾಯ. ಮಾಡದವನಿಗೆ ಆಗುವುದು ಅನ್ಯಾಯ. ಆದರೆ ನಿರಪರಾಧಿಯೊಬ್ಬನು ಮತ್ತೊಬ್ಬ ನಿರಪರಾಧಿಯ ಮೇಲೆರಗಿದ ಶಿಕ್ಷೆಯನ್ನು ತಾನಾಗಿಯೇ ಬೇಡಿ ಪಡೆದರೆ ಅದನ್ನು ಏನೆಂದು ಕರೆಯಬೇಕು? ಕ್ರೈಸ್ತಧರ್ಮದ ತಿರುಳಿನಲ್ಲಿಯೇ ಇರುವ ಪ್ರಶ್ನೆಯಿದು.

ಯೇಸುಕ್ರಿಸ್ತನನ್ನು ರೋಮನ್ ಅಧಿಪತಿ ಪಿಲಾತನ ಮುಂದೆ ವಿಚಾರಣೆಗೆ ನಿಲ್ಲಿಸಿದಾಗ ಆತನಲ್ಲಿ ಯಾವ ದೋಷವೂ ಪಿಲಾತನಿಗೆ ಕಾಣಲಿಲ್ಲ. ಆದರೂ ಗುಂಪಿನ ಕೂಗಿಗೆ ಮಣಿದು, ಎಲ್ಲರೆದುರು ನೀರಿನಿಂದ ಕೈ ತೊಳೆದುಕೊಂಡು, ಈ ರಕ್ತಕ್ಕೆ ತಾನು ಹೊಣೆಯಲ್ಲವೆಂದು ಸಾರಿ, ಆತನನ್ನು ಶಿಲುಬೆಗೆ ಒಪ್ಪಿಸಿದನೆಂದು ಮತ್ತಾಯನ ಸುವಾರ್ತೆಯು ತಿಳಿಸುತ್ತದೆ. ಕೈಯೇನೋ ಶುದ್ಧವಾಯಿತು, ಹೊಣೆ ತೊಳೆದುಹೋಗಲಿಲ್ಲ. ಯೇಸುವಾದರೋ ತನ್ನನ್ನು ಕೊಲ್ಲುವವರಿಗೂ ಕ್ಷಮೆಯನ್ನು ಬೇಡಿದನು. ಮಾನವರ ಪಾಪದ ಭಾರವನ್ನು ನಿರ್ದೋಷಿಯಾದ ಆತನು ತಾನೇ ಹೊತ್ತನೆಂಬುದು ಕ್ರೈಸ್ತರ ನಂಬಿಕೆ. ಈ ನಂಬಿಕೆಯನ್ನು ತಮ್ಮ ಪ್ರಾಣವನ್ನಿತ್ತು ಬಾಳಿ ತೋರಿಸಿದವರಲ್ಲಿ ಪೋಲೆಂಡ್ ದೇಶದ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು ಒಬ್ಬರು.

ಕೋಲ್ಬೆಯವರು ಜನಿಸಿದ್ದು 1894ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಂಘವನ್ನು ಸೇರಿ, ಮುಂದೆ ಪಾದ್ರಿಗಳಾದರು. 1927ರಲ್ಲಿ ವಾರ್ಸಾ ನಗರದ ಬಳಿ ಒಂದು ದೊಡ್ಡ ಮಠವನ್ನು ಸ್ಥಾಪಿಸಿದರು. 1930ರಲ್ಲಿ ಜಪಾನಿಗೆ ತೆರಳಿ, ನಾಗಾಸಾಕಿಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ ತಾಯ್ನಾಡಿಗೆ ಮರಳಿದರು. 1939ರಲ್ಲಿ ಹಿಟ್ಲರನ ಸೈನ್ಯವು ಪೋಲೆಂಡನ್ನು ಆಕ್ರಮಿಸಿದಾಗ, ಅವರ ಮಠವು ಯೆಹೂದಿಗಳೂ ಸೇರಿದಂತೆ ಮನೆಮಠ ಕಳೆದುಕೊಂಡ ಅನೇಕರಿಗೆ ಆಶ್ರಯ ನೀಡಿತು. 1941ರ ಫೆಬ್ರವರಿಯಲ್ಲಿ ನಾಜಿಗಳು ಅವರನ್ನು ಬಂಧಿಸಿದರು. ಮೇ ತಿಂಗಳಲ್ಲಿ ಅವರನ್ನು ಆಶ್ವಿಟ್ಸ್ ಸೆರೆಶಿಬಿರಕ್ಕೆ ಸಾಗಿಸಲಾಯಿತು. ಅಲ್ಲಿ ಅವರಿಗೆ ಹೆಸರು ಉಳಿಯಲಿಲ್ಲ. ಉಳಿದದ್ದು 16670 ಎಂಬ ಸಂಖ್ಯೆ ಮಾತ್ರ.

ಆಶ್ವಿಟ್ಸ್ ಮಾನವನ ಕ್ರೌರ್ಯಕ್ಕೆ ಸಾಕ್ಷಿಯಾಗಿ ನಿಂತ ತಾಣ. 1940ರಿಂದ 1945ರವರೆಗೆ ಅಲ್ಲಿ ಸುಮಾರು 11 ಲಕ್ಷ ಜನ ಹತರಾದರು. ಅವರಲ್ಲಿ ಸುಮಾರು 10 ಲಕ್ಷ ಮಂದಿ ಯೆಹೂದಿಗಳು. ಒಬ್ಬ ಕೈದಿ ತಪ್ಪಿಸಿಕೊಂಡರೆ ಉಳಿದವರಲ್ಲಿ ಹಲವರನ್ನು ಕೊಲ್ಲುವುದು ಅಲ್ಲಿನ ಕ್ರಮವಾಗಿತ್ತು. 1941ರ ಜುಲೈ ಕೊನೆಯಲ್ಲಿ ಕೋಲ್ಬೆಯವರಿದ್ದ ವಿಭಾಗದಿಂದ ಕೈದಿಯೊಬ್ಬನು ಕಾಣೆಯಾದನು. ಅಧಿಕಾರಿಯು ಕೈದಿಗಳನ್ನು ಸಾಲಾಗಿ ನಿಲ್ಲಿಸಿ, ಅನ್ನನೀರಿಲ್ಲದೆ ಸಾಯಿಸಲೆಂದು ಹತ್ತು ಮಂದಿಯನ್ನು ಆರಿಸಿದನು. ಅವರಲ್ಲಿ ಒಬ್ಬನಾದ ಗಯೋವ್ನಿಚೆಕ್ ಎಂಬ ಪೋಲಿಷ್ ಸೈನಿಕನು ಹೆಂಡತಿಮಕ್ಕಳನ್ನು ನೆನೆದು ಗೋಳಾಡಿದನು.

ಆಗ ಕೋಲ್ಬೆಯವರು ಸಾಲಿನಿಂದ ಹೊರಬಂದರು. ಅಪ್ಪಣೆಯಿಲ್ಲದೆ ಒಂದು ಹೆಜ್ಜೆಯಿಟ್ಟರೂ ಪ್ರಾಣಕ್ಕೆ ಅಪಾಯವಿದ್ದ ಸ್ಥಳವದು. ಅವರು ತಾವು ಕ್ಯಾಥೊಲಿಕ್ ಪಾದ್ರಿಯೆಂದೂ, ಹೆಂಡತಿಮಕ್ಕಳುಳ್ಳ ಆ ಮನುಷ್ಯನ ಬದಲಿಗೆ ತಾವು ಸಾಯಬಯಸುವುದಾಗಿಯೂ ತಿಳಿಸಿದರು. ಅಧಿಕಾರಿಯು ಒಪ್ಪಿದನು. ಸೈನಿಕನು ಸಾಲಿಗೆ ಮರಳಿದನು. ಪಾದ್ರಿಗಳು ಕತ್ತಲಕೋಣೆಗೆ ನಡೆದರು.

ಆ ಕೋಣೆಯಿಂದ ಪ್ರಾರ್ಥನೆಯೂ ಕೀರ್ತನೆಯೂ ಕೇಳಿಬರುತ್ತಿದ್ದುವೆಂದು ಅಲ್ಲಿ ದುಡಿಯುತ್ತಿದ್ದ ಕೈದಿಯೊಬ್ಬನು ಮುಂದೆ ಸಾಕ್ಷಿ ನುಡಿದನು. ಜೊತೆಗಾರರು ಒಬ್ಬೊಬ್ಬರಾಗಿ ಕಣ್ಣುಮುಚ್ಚಿದರು. ಎರಡು ವಾರ ಕಳೆದರೂ ಕೋಲ್ಬೆಯವರೂ ಸೇರಿ ನಾಲ್ವರಲ್ಲಿ ಉಸಿರಿತ್ತು. 1941ರ ಆಗಸ್ಟ್ 14ರಂದು ವಿಷದ ಚುಚ್ಚುಮದ್ದನ್ನು ಕೊಟ್ಟು ಅವರನ್ನು ಕೊಲ್ಲಲಾಯಿತು.

ಈ ಬಲಿದಾನದಿಂದ ಅನ್ಯಾಯವು ಅಳಿಯಿತೇ? ಇಲ್ಲ. ಉಳಿದ ಒಂಬತ್ತು ಮಂದಿಯೂ ನಿರಪರಾಧಿಗಳೇ; ಅವರು ಬದುಕಲಿಲ್ಲ. ಗಯೋವ್ನಿಚೆಕನು ಸೆರೆಯಿಂದ ಬಿಡುಗಡೆ ಹೊಂದಿ ಮಡದಿಯನ್ನು ಕಂಡನಾದರೂ, ಅವನ ಇಬ್ಬರು ಗಂಡುಮಕ್ಕಳು ಅಷ್ಟರಲ್ಲಿ ಯುದ್ಧಕ್ಕೆ ಬಲಿಯಾಗಿದ್ದರು. ಯಾರಿಗಾಗಿ ತನ್ನ ಪ್ರಾಣ ಉಳಿಯಿತೋ ಅವರೇ ಇಲ್ಲವಾದ ದುಃಖವನ್ನು ಆತನು ಸಹಿಸಬೇಕಾಯಿತು. ಆದರೂ ತನಗೆ ದೊರೆತ ಬಾಳನ್ನು ಆತನು ವ್ಯರ್ಥಗೊಳಿಸಲಿಲ್ಲ. ಕೋಲ್ಬೆಯವರ ಕಥೆಯನ್ನು ಊರೂರುಗಳಲ್ಲಿ ಹೇಳಿದನು. 1982ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಕೋಲ್ಬೆಯವರನ್ನು ಸಂತರೆಂದು ಘೋಷಿಸಿದಾಗ ಆ ಸಭೆಯಲ್ಲಿ ಆತನೂ ಇದ್ದನು. 1995ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಆತನು ತೀರಿಕೊಂಡನು.

ಮನುಷ್ಯರನ್ನು ಸಂಖ್ಯೆಗಳನ್ನಾಗಿಸಿದ ಆ ಶಿಬಿರದಲ್ಲಿ ಒಬ್ಬ ಕೈದಿ ಇನ್ನೊಬ್ಬ ಕೈದಿಯನ್ನು ಮನುಷ್ಯನೆಂದು ಗುರುತಿಸಿದನು. ಅಲ್ಲಿನ ಅಧಿಕಾರಿಗಳು ಪ್ರಾಣವನ್ನು ಕಸಿಯಬಲ್ಲವರಾಗಿದ್ದರು. ಕೊಡುವ ಮನಸ್ಸನ್ನು ಕಸಿಯಲಾರದೆ ಹೋದರು. ಅನ್ಯಾಯ ನಡೆಯುವಾಗ ತನ್ನ ಕೈ ಶುದ್ಧವಾಗಿದ್ದರೆ ಸಾಕೆಂದು ದೂರ ನಿಲ್ಲುವುದು ಪಿಲಾತನ ದಾರಿ. ನೊಂದವನ ಪಕ್ಕದಲ್ಲಿ ಹೋಗಿ ನಿಲ್ಲುವುದು ಕೋಲ್ಬೆಯವರ ದಾರಿ. ನಿಜವಾದ ನಿರ್ದೋಷತೆ ಯಾವ ದಾರಿಯಲ್ಲಿದೆಯೆಂಬುದನ್ನು ಪ್ರತಿಯೊಬ್ಬರೂ ತಮ್ಮ ಅಂತರಂಗವನ್ನೇ ಕೇಳಿಕೊಳ್ಳಬೇಕು.

ಅಭ್ಯಾಸ

1. ಪಿಲಾತನು ಕೈ ತೊಳೆದುಕೊಂಡರೂ ಅವನ ಹೊಣೆ ಏಕೆ ತೊಳೆದುಹೋಗಲಿಲ್ಲ?
2. ಕೋಲ್ಬೆಯವರು ಸಾಲಿನಿಂದ ಹೊರಬಂದ ಸಂದರ್ಭವನ್ನು ವಿವರಿಸಿರಿ.
3. ಗಯೋವ್ನಿಚೆಕನು ತನಗೆ ದೊರೆತ ಬಾಳನ್ನು ಹೇಗೆ ಸಾರ್ಥಕಪಡಿಸಿಕೊಂಡನು?