ನಮ್ಮ ಮನೆಗೆ ನಮ್ಮ ಹೆಸರು

ಅದೊಂದು ಚಿಕ್ಕ ಊರು. ಆ ಊರಲ್ಲಿ ಗಂಗವ್ವ ಎಂಬ ಹೆಸರಿನವರು ಮೂರು ಮಂದಿ. ಅವರಲ್ಲಿ ಒಬ್ಬಳ ಮನೆ ಹನುಮಪ್ಪನ ಗುಡಿಯ ಹಿಂದೆ. ಮನೆಯಲ್ಲಿ ಗಂಗವ್ವ, ಅವಳ ಗಂಡ, ಅತ್ತೆ. ಗಂಡ ವರ್ಷದಲ್ಲಿ ಆರು ತಿಂಗಳು ಗೋವಾಕ್ಕೆ ದುಡಿಯಲು ಹೋಗುತ್ತಾನೆ.

ಒಂದು ದಿನ ಬ್ಯಾಂಕಿನಿಂದ ಗಂಗವ್ವನಿಗೆ ಪತ್ರ ಬಂತು. ಅಂಚೆಯಣ್ಣ ಊರಿಗೆ ಹೊಸಬ. ಪತ್ರವನ್ನು ಬೇರೆ ಗಂಗವ್ವನ ಮನೆಗೆ ಕೊಟ್ಟ. ಅದು ಎಂಟು ದಿನ ಅಲ್ಲೇ ಜಂತಿಯ ಸಂದಿಯಲ್ಲಿ ಉಳಿಯಿತು. ಸಾಲದ ಕಂತಿನ ತಾರೀಕು ದಾಟಿ ಹೋಯಿತು.

“ಯಾವ ಮನಿ ಯಾರದು ಅಂತ ನನಗ ಹೆಂಗ ತಿಳೀಬೇಕವ್ವ? ಬಾಗಲಾಗ ಹೆಸರಿಲ್ಲ, ನಂಬರಿಲ್ಲ,” ಎಂದ ಅಂಚೆಯಣ್ಣ.

ಗಂಗವ್ವ ಈ ಮಾತನ್ನು ಕಲಿಕಾ ಕೇಂದ್ರದಲ್ಲಿ ಹೇಳಿದಳು.

“ಈಗ ನಿಮಗ ಬರಿಯಾಕ ಬರ್ತೈತಲ್ರೀ. ನಿಮ್ಮ ಮನಿ ಹಲಗಿ ನೀವ ಬರೀರಿ,” ಎಂದರು ಕೇಂದ್ರದ ಅಕ್ಕ.

“ಬಾಗಲಿಗೆ ಗಂಡಸರ ಹೆಸರು ಹಾಕೋದಲ್ರೀ ಅಕ್ಕಾರ?”

“ಪತ್ರ ಯಾರ ಹೆಸರಿಗೆ ಬಂದಿತ್ರೀ?”

ಗಂಗವ್ವ ಸುಮ್ಮನಾದಳು. ಪತ್ರ ಬಂದದ್ದು ಅವಳ ಹೆಸರಿಗೇ.

ಹಲಗೆ ಮಾಡುವುದು ಕಷ್ಟವಲ್ಲ. ಗಂಗವ್ವ ಮಾಡಿದ ರೀತಿ ಇಲ್ಲಿದೆ. ನೀವೂ ಓದಿ, ಮಾಡಿ.

ಬೇಕಾಗುವ ಸಾಮಾನು

ಹಳೆಯ ಮರದ ಹಲಗೆ ಎರಡು. ಒಂದೊಂದೂ 18 ಇಂಚು ಉದ್ದ, 6 ಇಂಚು ಅಗಲ. ಹಿಂದೆ ಹೊಡೆಯಲು ಮರದ ಪಟ್ಟಿ ಎರಡು. ತಿರುಪು ಮೊಳೆ ಎಂಟು. ಉಪ್ಪುಕಾಗದ, ಮರಕ್ಕೆ ಹಚ್ಚುವ ಪ್ರೈಮರ್, ಹಸಿರು ಮತ್ತು ಬಿಳಿ ಆಯಿಲ್ ಪೇಂಟ್. ದೊಡ್ಡ ಬ್ರಷ್ ಒಂದು, ಸಣ್ಣ ಬ್ರಷ್ ಒಂದು. ಅಡಿಪಟ್ಟಿ, ಸೀಮೆಸುಣ್ಣ, ಪೆನ್ಸಿಲ್, ಹಳೆಯ ಪೇಪರು.

ಹಲಗೆ ಸಿದ್ಧ ಮಾಡುವುದು

ಹಸಿ ಮರ ಬೇಡ. ಹಸಿ ಮರ ಒಣಗುವಾಗ ಬಾಗುತ್ತದೆ, ಸೀಳುತ್ತದೆ. ಹಳೆಯ ಬಾಗಿಲು, ಮುರಿದ ಪೆಟ್ಟಿಗೆ, ಯಾವುದಾದರೂ ಸರಿ. ಹುಳು ತಿಂದಿರಬಾರದು, ಅಷ್ಟೆ.

ಎರಡು ಹಲಗೆಗಳನ್ನು ಪಕ್ಕಪಕ್ಕ ಇಡಿ. ಹಿಂಬದಿಯಲ್ಲಿ ಎರಡು ಪಟ್ಟಿ ಅಡ್ಡ ಇಟ್ಟು ತಿರುಪು ಮೊಳೆ ಹಾಕಿ. ಮೊದಲು ಸಣ್ಣ ತೂತು ಕೊರೆಯಿರಿ. ತೂತಿಲ್ಲದೆ ಮೊಳೆ ಬಿಗಿದರೆ ಮರ ಸೀಳುತ್ತದೆ. ಈಗ 18 ಇಂಚು ಉದ್ದ, 12 ಇಂಚು ಎತ್ತರದ ಹಲಗೆ ಆಯಿತು.

ಉಪ್ಪುಕಾಗದದ ಹಿಂದೆ ನಂಬರು ಇರುತ್ತದೆ. ಓದಿ ನೋಡಿ. ಚಿಕ್ಕ ನಂಬರು ಒರಟು, ದೊಡ್ಡ ನಂಬರು ನಯ. ಮೊದಲು 80, ಆಮೇಲೆ 120. ಮರದ ಎಳೆ ಯಾವ ಕಡೆ ಓಡುತ್ತದೋ ಆ ಕಡೆಗೇ ಉಜ್ಜಿ. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ.

ತೂತು, ಬಿರುಕು ಇದ್ದರೆ ತುಂಬಿಸಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಹೆಸರಾದವರು. ಅವರು ಮರದ ಹೊಟ್ಟನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಬಳಸುತ್ತಾರೆ. ನಮ್ಮ ಹಲಗೆ ಮಳೆಗೆ ನೆನೆಯುತ್ತದೆ. ಅದಕ್ಕೆ ಹೊಟ್ಟನ್ನು ನೀರು ತಡೆಯುವ ಮರದ ಅಂಟಿನಲ್ಲಿ ಕಲಸಿ ತುಂಬಿ. ಒಣಗಿದ ಮೇಲೆ ಉಜ್ಜಿ.

ಎಚ್ಚರಿಕೆ: ಬಣ್ಣದಲ್ಲಿ ವಿಷ

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸೀಸ ವಿಷ. ಅದರ ಪುಡಿ ಹೊಟ್ಟೆಗೆ ಹೋದರೆ ಮಕ್ಕಳ ಮೆದುಳಿಗೆ ಕೆಡುಕು. ಆದ್ದರಿಂದ ಬಣ್ಣ ಹಚ್ಚದ ಮರವನ್ನೇ ಆರಿಸಿ. ಹಳೆಯ ಬಣ್ಣವನ್ನು ಒಣ ಉಜ್ಜಬೇಡಿ, ಸುಡಬೇಡಿ.

ಹೊಸ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು. ಇದು 2016ರಲ್ಲಿ ಸರ್ಕಾರ ಮಾಡಿದ ನಿಯಮ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ.

ಆಯಿಲ್ ಪೇಂಟಿಗೂ ಟರ್ಪಂಟೈನಿಗೂ ಬೇಗ ಬೆಂಕಿ ಹತ್ತುತ್ತದೆ. ಒಲೆಯ ಹತ್ತಿರ ಇಡಬೇಡಿ. ಗಾಳಿ ಆಡುವ ಕಡೆ ಕುಳಿತು ಕೆಲಸ ಮಾಡಿ.

ಬಣ್ಣ ಹಚ್ಚುವುದು

ಮೊದಲು ಪ್ರೈಮರ್. ಮುಂದೆ, ಹಿಂದೆ, ಅಂಚಿಗೆ, ಎಲ್ಲ ಕಡೆ ಹಚ್ಚಿ. ಹಿಂಬದಿ ಬಿಟ್ಟರೆ ಅಲ್ಲಿಂದ ನೀರು ಕುಡಿದು ಹಲಗೆ ಬಾಗುತ್ತದೆ. ಒಂದು ರಾತ್ರಿ ಒಣಗಲಿ. ಆಮೇಲೆ ಹಸಿರು ಬಣ್ಣ, ತೆಳುವಾಗಿ ಎರಡು ಸಲ. ಒಂದು ಸಲ ಹಚ್ಚಿದ್ದು ಪೂರಾ ಒಣಗದೆ ಇನ್ನೊಂದು ಸಲ ಹಚ್ಚಬಾರದು.

ದಟ್ಟ ಬಣ್ಣದ ಮೇಲೆ ಬಿಳಿ ಅಕ್ಷರ ದೂರಕ್ಕೂ ಕಾಣುತ್ತದೆ.

ಅಕ್ಷರ ಬರೆಯುವುದು

ಹಲಗೆಯ ಮೇಲೆ ಏನು ಬರೆಯಬೇಕು? ಗಂಗವ್ವ ತನ್ನ ಹೆಸರು ಹೇಳಿದಾಗ ಅತ್ತೆ ಮುಖ ಗಂಟಿಕ್ಕಿದಳು.

“ಹೆಣ್ಣಮಕ್ಕಳ ಹೆಸರು ಬಾಗಲಿಗೆ ಬರೀತಾರೇನ?”

“ಅತ್ತಿ, ನಿಮ್ಮ ಹೆಸರು ಮೊದಲ ಬರೀತೀನಿ. ಆಮ್ಯಾಲೆ ನಂದು.”

ಅತ್ತೆಯ ಹೆಸರು ದ್ಯಾಮವ್ವ. ಊರವರು ಅವಳನ್ನು ಬಸಪ್ಪನ ಅವ್ವ ಎಂದೇ ಕರೆಯುತ್ತಾರೆ. ಅವಳ ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಗಿತ್ತು. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸರಿಯಾಗಿ ಬರಿ ಮತ್ತ,” ಎಂದಳು.

ನಾಲ್ಕು ಸಾಲು ಹೀಗೆ:

ದ್ಯಾಮವ್ವ
ಗಂಗವ್ವ
ಬಸಪ್ಪ
ಮನೆ ನಂಬರು 47

ಈ ಮೂರು ಹೆಸರಿನಲ್ಲೂ ಒತ್ತಕ್ಷರ ಇದೆ. ಕನ್ನಡದಲ್ಲಿ ಒತ್ತು ಅಕ್ಷರದ ಕೆಳಗೆ ಬರುತ್ತದೆ. ಕೆಳಗೆ ಜಾಗ ಬಿಡದಿದ್ದರೆ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಲೆಕ್ಕ ನೋಡಿ. ಅಕ್ಷರಕ್ಕೆ ಒಂದೂವರೆ ಇಂಚು, ಒತ್ತಿಗೆ ಒಂದು ಇಂಚು. ಒಂದು ಸಾಲಿಗೆ ಎರಡೂವರೆ ಇಂಚು. ನಾಲ್ಕು ಸಾಲಿಗೆ 10 ಇಂಚು. ಮೇಲೆ ಒಂದು ಇಂಚು, ಕೆಳಗೆ ಒಂದು ಇಂಚು. ಒಟ್ಟು 12 ಇಂಚು. ಎರಡು ಹಲಗೆ ಕೂಡುವ ಗೆರೆ ಎರಡನೆಯ ಮತ್ತು ಮೂರನೆಯ ಸಾಲಿನ ನಡುವೆ ಬೀಳುತ್ತದೆ. ಯಾವ ಅಕ್ಷರವೂ ಒಡೆಯುವುದಿಲ್ಲ.

ನೇರವಾಗಿ ಹಲಗೆಯ ಮೇಲೆ ಬರೆಯಬೇಡಿ. ಮೊದಲು ಅಷ್ಟೇ ದೊಡ್ಡ ಪೇಪರಿನ ಮೇಲೆ ಬರೆಯಿರಿ. ಇನ್ನೊಬ್ಬರಿಂದ ಓದಿಸಿ. ಪೇಪರಿನ ಹಿಂಬದಿಗೆ ಸೀಮೆಸುಣ್ಣ ಉಜ್ಜಿ. ಹಲಗೆಯ ಮೇಲಿಟ್ಟು ಪೆನ್ಸಿಲಿನಿಂದ ಅಕ್ಷರದ ಮೇಲೆ ಒತ್ತಿ ತಿದ್ದಿ. ಹಲಗೆಯ ಮೇಲೆ ಬಿಳಿ ಗುರುತು ಮೂಡುತ್ತದೆ. ಆ ಗುರುತಿನ ಮೇಲೆ ಸಣ್ಣ ಬ್ರಷ್‌ನಿಂದ ಬಿಳಿ ಬಣ್ಣ ತುಂಬಿ.

ಮೂರನೆಯ ಸಾಲಿಗೆ ಬಂದಾಗ ಗಂಗವ್ವನ ಕೈ ನಿಂತಿತು. ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ನಕ್ಕು, ಬ್ರಷ್ ಅದ್ದಿ ಬರೆದಳು. ಅಂಚಿಗೆ ಅತ್ತೆಯೇ ರಂಗೋಲಿಯ ಬಳ್ಳಿ ಬಿಡಿಸಿದಳು.

ತೂಗು ಹಾಕುವುದು

ಸೂರಿನ ಕೆಳಗೆ, ಕಣ್ಣಿನ ಎತ್ತರಕ್ಕೆ ಹಾಕಿ. ಹಿಂದಿನ ಪಟ್ಟಿಗಳಿಂದ ಗೋಡೆಗೂ ಹಲಗೆಗೂ ನಡುವೆ ಸಂದು ಉಳಿಯುತ್ತದೆ. ಅಲ್ಲಿ ಗಾಳಿ ಆಡುತ್ತದೆ, ಮರ ಕೊಳೆಯುವುದಿಲ್ಲ.

ಹಲಗೆ ಬೇರೆ, ಖಾತೆ ಬೇರೆ

ಮನೆ ನಂಬರು ತಿಳಿಯಲು ಗಂಗವ್ವ ಪಂಚಾಯ್ತಿ ಕರದ ರಸೀದಿ ತೆಗೆದು ಓದಿದ್ದಳು. ನಂಬರು ಸಿಕ್ಕಿತು. ಜೊತೆಗೆ ಇನ್ನೊಂದು ಸಂಗತಿಯೂ ಸಿಕ್ಕಿತು. ರಸೀದಿಯಲ್ಲಿ ಇನ್ನೂ ಮಾವನ ಹೆಸರೇ ಇತ್ತು. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಅದನ್ನು ಓದಿದವರೇ ಇರಲಿಲ್ಲ.

ಬಾಗಿಲ ಹಲಗೆ ಗುರುತಿಗೆ ಮಾತ್ರ. ಅದರಿಂದ ಆಸ್ತಿಯ ಹಕ್ಕು ಬರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುವುದು ಹೀಗೆ: ಗಂಡಸು ಉಯಿಲು ಬರೆಯದೆ ತೀರಿಕೊಂಡರೆ, ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅವನ ತಾಯಿ ಇದ್ದರೆ ತಾಯಿಗೆ ಸಮ ಪಾಲು. ಅಂದರೆ ಮಾವನ ಸ್ವಂತ ಮನೆಯಲ್ಲಿ ದ್ಯಾಮವ್ವನಿಗೂ ಪಾಲು ಇದೆ.

ತೀರಿಹೋದವರ ಹೆಸರಿನಲ್ಲೇ ಖಾತೆ ಇದ್ದರೆ ಮುಂದೆ ತೊಂದರೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟುಕೊಂಡು ಪಂಚಾಯ್ತಿಗೆ ಅರ್ಜಿ ಕೊಡಬೇಕು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಕೇಳಿ ಪಡೆಯಬೇಕು. ಅತ್ತೆ ಸೊಸೆ ಇಬ್ಬರೂ ಹೋಗಿ ಅರ್ಜಿ ಕೊಟ್ಟರು. ಅರ್ಜಿಯನ್ನು ಬರೆದವಳು ಗಂಗವ್ವ.

ಉತ್ತರ ಹೇಳಿ

1. ಗಂಗವ್ವನ ಪತ್ರ ಯಾಕೆ ತಡವಾಯಿತು?
2. 80 ನಂಬರಿನ ಉಪ್ಪುಕಾಗದ ಒರಟೋ, 120 ನಂಬರಿನದು ಒರಟೋ?
3. ಹಲಗೆಯ ಹಿಂಬದಿಗೂ ಯಾಕೆ ಬಣ್ಣ ಹಚ್ಚಬೇಕು?
4. ದ್ಯಾಮವ್ವನಿಗೆ ಮನೆಯಲ್ಲಿ ಪಾಲು ಹೇಗೆ ಬಂತು?

ಓದಿ, ಬರೆಯಿರಿ

ಅವ್ವ, ಅಪ್ಪ, ಅಕ್ಕ, ಅಣ್ಣ, ಅತ್ತೆ, ಹಕ್ಕು, ರಸೀದಿ, ಖಾತೆ.

ಮಾಡಿ ನೋಡಿ

1. ನಿಮ್ಮ ಮನೆಯವರೆಲ್ಲರ ಹೆಸರು ಬರೆಯಿರಿ. ಹೆಂಗಸರ ಹೆಸರು ಬಿಡಬೇಡಿ.
2. ನಿಮ್ಮ ಪೂರ್ತಿ ವಿಳಾಸ ಬರೆಯಿರಿ. ಪಿನ್ ಕೋಡಿನಲ್ಲಿ ಆರು ಅಂಕಿ ಇರಬೇಕು. ಕರ್ನಾಟಕದ ಪಿನ್ ಕೋಡುಗಳು 56, 57, 58 ಅಥವಾ 59ರಿಂದ ಶುರುವಾಗುತ್ತವೆ.
3. ನಿಮ್ಮ ಮನೆಯ ಕರದ ರಸೀದಿ ತೆಗೆಯಿರಿ. ಅದರಲ್ಲಿ ಯಾರ ಹೆಸರಿದೆ? ನೀವೇ ಓದಿ.